ಇಲಿಗೆ ಬಿಕ್ಕಳಿಕೆ

ಆ ಸಿನಿಮಾದ ಹೆಸರು ಯಾರಿಗೂ ನೆನಪಿಲ್ಲ.
ಮೈಸೂರಿನ ಫುಟ್‌ಪಾತಿನಿಂದ ಬಿದ್ದಪ್ಪ ಮಾವ
ಹತ್ತು ರೂಪಾಯಿಗೆ ತಂದ ಸೀಡಿ. ಮೇಲೆ
ಕೋಟು ತೊಟ್ಟ ಮುಂಗುಸಿ,
ಹಿಂದೆ ಒಕ್ಕಣ್ಣಿನ ಕತ್ತೆ, ಬೇಹುಗಾರರಿಗೆಲ್ಲ ಬಾಸು.

ಸಿದ್ದಾಪುರದ ಮುನ್ನೂರು ಮನೆಗೆ ಮಾವನದೇ ಕೇಬಲ್ಲು.
ಶನಿವಾರ ರಾತ್ರಿ ಎಂಟಕ್ಕೆ
ಸಂಸಾರ ಸಮೇತ ನೋಡುವ ಚಿತ್ರ ಎಂದು
ಮೂರು ದಿನ ಪರದೆಯಡಿ ಪಟ್ಟಿ ಓಡಿಸಿದ್ದ.
ಎಂಟಾಯ್ತು. ಚಿತ್ರ ಬಂತು. ಮಾತು ಬರಲಿಲ್ಲ.
ಕತ್ತೆ ಬಾಯಿ ಬಿಡುತ್ತದೆ, ಮುಚ್ಚುತ್ತದೆ,
ನಮ್ಮ ವಾರ್ಡಿನ ಮೆಂಬರರ ಹಾಗೆ.

ಫೋನು ಬಡಕೊಳ್ಳತೊಡಗಿತು.
ಮಾವ ಹೆದರಲಿಲ್ಲ. ಮದುವೆಮನೆಯ ಮೈಕು ತಂದು
ಹಲ್ಲಲ್ಲಿ ತಂತಿ ಸುಲಿದು ಸಿಕ್ಕಿಸಿ,
ಕೆಳಗಿನ ಕೋಳಿ ಅಂಗಡಿಯ ಮೊಯ್ದುವನ್ನು ಕೂಗಿದ:
'ಕತ್ತಿ ಇಟ್ಟು ಬಾ. ನೀನು ಕತ್ತೆ.'
ರಾತ್ರಿ ಪಾಳಿಗೆ ಹೊರಟಿದ್ದ ಫಿಲೋಮಿನಾ ನರ್ಸು ಮುಂಗುಸಿ.
ಮುತ್ತಿನ ಸರದ ದುಷ್ಟ ಬಾತುಕೋಳಿ ಸ್ವತಃ ಅತ್ತೆ,
ಅವಳಿಗೆ ಅಭ್ಯಾಸ ಬೇಕಾಗಲಿಲ್ಲ.
ಒಂಬತ್ತು ವರ್ಷದ ನನಗೆ ಉಳಿದದ್ದು ಇಲಿ,
ತಿಜೋರಿ ತೆಗೆಯುವ ಕಸುಬಿನದು.

ಕಥೆ ಏನೆಂದು ನಮಗೇನು ಗೊತ್ತು?
ಬಾತುಕೋಳಿ ಊರ ಗಡಿಯಾರಗಳನ್ನೆಲ್ಲ ಕದಿಯುತ್ತಿತ್ತು.
ಯಾಕೆಂದು ತಿಳಿಯದೆ ಅತ್ತೆ ಹೇಳಿದಳು:
'ಒಬ್ಬರೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಬರುವುದಿಲ್ಲ,
ಮತ್ತೆ ಗಡಿಯಾರ ಯಾಕೆ ನಿಮಗೆ?'
ನಗು ಎದುರು ಮನೆಯಿಂದ ಕೇಳಿಸಿತು, ಆಚೆ ಮನೆಯಿಂದ,
ಕಿಟಕಿ ಕಿಟಕಿ ದಾಟಿ ಬಸ್‌ಸ್ಟ್ಯಾಂಡಿನವರೆಗೆ.

ಗುಂಡು ಹಾರುವ ಜಾಗ ಬಂದಾಗ
ಮಾವ ಗೋಡೆಯ ಕೋವಿಯತ್ತ ನೋಡಿದ.
ಬಾತುಕೋಳಿ ಕಣ್ಣಲ್ಲೇ ಬೇಡವೆಂದಿತು.
ಹಾಗಾಗಿ ಆ ಚಿತ್ರದ ಗುಂಡುಗಳೆಲ್ಲ
ಮೊರಕ್ಕೆ ಬಿದ್ದ ಸೌಟಿನ ಏಟು.

ಮೊಯ್ದುವಿನ ಕತ್ತೆ ಮಲಯಾಳದ ಎಳೆತದಲ್ಲಿ ಆಜ್ಞೆ ಮಾಡಿತು,
ಮುಂಗುಸಿ 'ಆಯ್ತು ಡಾಕ್ಟ್ರೇ' ಎಂದಿತು ಬಾಯಿತಪ್ಪಿ.
ನನಗೆ ಹೆದರಿಕೆಗೆ ಬಿಕ್ಕಳಿಕೆ ಹತ್ತಿತು.
ಇಲಿ ತಿಜೋರಿಗೆ ಕಿವಿಯಿಟ್ಟು
ಉಸಿರು ಬಿಗಿಹಿಡಿದ ಜಾಗ, ಇಡೀ ಊರು ಸುಮ್ಮನಿದೆ,
ಹಿಕ್.

ಅರ್ಧದಲ್ಲಿ ಫಾರೆಸ್ಟಿನವರ ಫೋನು.
ಮಾವ ಚೀಟಿ ಬರೆದುಕೊಟ್ಟ. ಕತ್ತೆ ಗಂಟಲು ಸರಿಮಾಡಿಕೊಂಡು
ಯಾವುದೋ ಹಿಮದೂರಿನ ನಕ್ಷೆಯ ಮೇಲೆ ಗೊರಸಿಟ್ಟು ಹೇಳಿತು:
'ಗುಪ್ತ ಮಾಹಿತಿ. ಕರಡಿಗೋಡಿನಲ್ಲಿ ಹೊಳೆ ದಾಟಿ
ಐದು ಆನೆ, ಜೊತೆಗೊಂದು ಮರಿ, ಈ ಕಡೆ ಬರುತ್ತಿವೆ.
ಕಾಫಿ ಕಣದ ಕಾವಲಿಗೆ ಹೋದವರು ಒಳಗೆ ಬನ್ನಿ.
ಇದು ಸಿನಿಮಾ ಅಲ್ಲ.'
ಸ್ವಲ್ಪ ತಡೆದು: 'ಸಿನಿಮಾ ಮುಂದುವರಿಯುತ್ತದೆ.'

ಆಮೇಲೆ ಮೊಯ್ದುಗೆ ರುಚಿ ಹತ್ತಿತು.
'ಇನ್ನೊಂದು ಗುಪ್ತ ಮಾಹಿತಿ,' ಎಂದಿತು ಕತ್ತೆ,
'ಪೂವಮ್ಮಜ್ಜಿಯ ಅಂಗಳದಿಂದ ಹೋದ
ಒಂದು ಮೂಟೆ ಕರಿಮೆಣಸು ಎಲ್ಲಿದೆ ಅಂತ
ನಮ್ಮ ಇಲಾಖೆಗೆ ಗೊತ್ತು.'
ಗೊತ್ತಿರಲಿಲ್ಲ. ಯಾರಿಗೂ.
ಬೆಳಿಗ್ಗೆ ಅಜ್ಜಿಯ ಜಗಲಿಯಲ್ಲಿ ಮೂಟೆ ಇತ್ತು.
ಪಕ್ಕದಲ್ಲಿ ಇನ್ನೊಂದು ಅರ್ಧ ಮೂಟೆ,
ಅದು ಯಾರದೆಂದು ಇವತ್ತಿಗೂ ಪತ್ತೆಯಿಲ್ಲ.

ಮೊನ್ನೆ ಮಗಳು ಫೋನಿನಲ್ಲಿ ಹುಡುಕಿ ತೆಗೆದಳು.
ಹತ್ತಕ್ಕೆ ಮೂರು ಅಂಕ ಕೊಟ್ಟಿದ್ದಾರೆ ಜಗತ್ತಿನವರು.
ಮಾತೆಲ್ಲ ಸರಿಯಾಗಿದೆ. ಕತ್ತೆಗೆ ಭಾರಿ ನಟನ ಗಂಟಲು.
ಬಾತುಕೋಳಿಗೆ ಕಾರಣವಿದೆ, ಸಣ್ಣಂದಿನ ನೋವು ಏನೋ.
ಇಲಿ ಗಂಡಸು,
ಒಮ್ಮೆಯೂ ತಡವರಿಸದೆ ತಿಜೋರಿ ತೆರೆಯುತ್ತಾನೆ.
ನಗಲು ನಾವಿಬ್ಬರೂ ಕಾದೆವು.

ಕೊನೆಗೆ ಮಗಳು ಸದ್ದು ಪೂರಾ ಇಳಿಸಿ
ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ
'ಅಮ್ಮ, ನೀನು ಕತ್ತೆ' ಎಂದಳು.
ಮೊಯ್ದು ಹೋಗಿ ಆರು ವರ್ಷ.
ಗಂಟಲು ಸರಿಮಾಡಿಕೊಂಡೆ.